ಉಂಡೆಮ್ಮ ಉರುಳಿಸಿ ತಂದ ಸುದ್ದಿ

ಮಕ್ಕಳೇ, ಸಮುದ್ರದಾಚೆ ಒಂದು ದ್ವೀಪ. ಅದರ ತುಂಬ ಕಾಡು. ಕಾಡಿನ ನಡುವೆ ಒಂದು ಕೆಸರುಹೊಂಡ. ಅಲ್ಲಿ ಘೇಂಡಾಮೃಗ ಕೆಂಚಪ್ಪ ಇದ್ದ. ಮೈತುಂಬ ಕೆಂಚು ಕೂದಲು, ಮೂಗಿನ ಮೇಲೆ ಎರಡು ಕೊಂಬು. ಅವನ ಜಾತಿಯವರು ಲೋಕದಲ್ಲೇ ಬೆರಳೆಣಿಕೆಯಷ್ಟು ಉಳಿದಿದ್ದರು.

ಅವರದು ಒಂದು ಪದ್ಧತಿ. ಲದ್ದಿ ಹಾಕುವುದು ಒಂದೇ ಗುಡ್ಡೆಯ ಮೇಲೆ. ಅದೇ ಅವರ ಕಾಗದ ಪತ್ರ. ಮೂಸಿದರೆ ಸಾಕು, ಬಂದವರು ಯಾರು, ಗಂಡೋ ಹೆಣ್ಣೋ, ಏನು ತಿಂದರು, ಎಲ್ಲ ತಿಳಿಯುತ್ತದೆ.

ಕೆಂಚಪ್ಪನ ಹೆಂಡತಿ ಬೇಟೆಯವರ ಉರುಳಿಗೆ ಸಿಕ್ಕಿ ಸತ್ತಳು. ಅಂದಿನಿಂದ ಅವನು ಗುಡ್ಡೆಯ ಕಡೆ ಹೋಗಲಿಲ್ಲ. ಹಳ್ಳದ ನೀರಲ್ಲಿ ನಿಂತು ಲದ್ದಿ ಹಾಕುವನು. ನೀರು ಕೊಚ್ಚಿಕೊಂಡು ಹೋಗುವುದು.

ಗುಡ್ಡೆಯ ಪಕ್ಕದಲ್ಲಿ ಸಗಣಿ ಹುಳು ಉಂಡೆಮ್ಮನ ಮನೆ. ಒಂದು ದಿನ ಅವಳು ಹೊಂಡಕ್ಕೇ ಬಂದಳು.

"ಏನಪ್ಪಾ ಕೆಂಚಪ್ಪ, ನಮ್ಮ ಮನೇಲಿ ತುತ್ತಿಗೆ ಗತಿಯಿಲ್ಲ. ನೀನು ಹಳ್ಳದ ಮೀನಿಗೆ ಔತಣ ಹಾಕ್ತಿದ್ದೀಯ. ಅವು ನಿನಗೆ ಏನಾಗಬೇಕು?"

"ಗುಡ್ಡೆ ಮೇಲೆ ಹಾಕಿ ಯಾರಿಗೆ ಹೇಳಲಿ? ಓದುವವಳು ಹೋದಳು."

ಉಂಡೆಮ್ಮ ಇನ್ನಷ್ಟು ಹತ್ತಿರ ಬಂದಳು.

"ಕಾಡಿನ ಕಾವಲಿನವರು ಓದ್ತಾರೆ. ನಿಮ್ಮನ್ನು ಉಳಿಸೋಕೆ ಅಂತಲೇ ದಿಣ್ಣೆ ಮೇಲೆ ಗುಡಿಸಲು ಹಾಕಿದಾರೆ. ದಿನಾ ಉರುಳು ಕಿತ್ತು ಹಾಕ್ತಾರೆ. ನಿನ್ನೆ ಬಂದು ಗುಡ್ಡೆ ಕೆದಕಿದರು. ಒಣಗಿ ಅಣಬೆ ಎದ್ದಿದೆ. ‘ಇಲ್ಲಿ ಒಂದೂ ಉಳಿದಿಲ್ಲ, ಇನ್ನೈದು ದಿನ ನೋಡಿ ಬೇರೆ ಕಾಡಿಗೆ ಹೋಗೋಣ’ ಅಂದರು."

"ಹೋಗಲಿ. ತಡವಾಗಿ ಬಂದವರು."

"ಅವರು ಹೋದರೆ ಉರುಳಿನವರು ಬರ್ತಾರೆ."

"ಬರಲಿ."

"ನಿನ್ನ ಮಾತಿನಿಂದ ನನ್ನ ಹೊಟ್ಟೆ ತುಂಬಲ್ಲ" ಎಂದು ಉಂಡೆಮ್ಮ ದಿಣ್ಣೆಯಾಚೆ ಹೊರಟಳು.

ನಾಲ್ಕನೆಯ ದಿನ ಬಂದಳು. ತಲೆ ಕೆಳಗೆ, ಹಿಂಗಾಲು ಮೇಲೆ. ತನಗಿಂತ ದೊಡ್ಡ ಉಂಡೆಯನ್ನು ಹಿಂದಕ್ಕೆ ಒದೆಯುತ್ತ ಒದೆಯುತ್ತ ಹೊಂಡದ ಅಂಚಿಗೆ ತಂದಳು.

"ಮೂಸು."

"ಬೇಡ."

"ಆರು ಕಾಲೂ ಸವೆದಿವೆ. ಮೂಸು."

ಕೆಂಚಪ್ಪ ಮೂಸಿದ. ಮತ್ತೊಮ್ಮೆ ಮೂಸಿದ. ಕಿವಿ ನೆಟ್ಟಗಾಯಿತು.

"ಹೆಣ್ಣು" ಎಂದ. "ಒಬ್ಬಳೇ ಇದ್ದಾಳೆ."

"ಹೂಂ. ದಿಣ್ಣೆಯಾಚೆ ದಿನಾ ತನ್ನ ಗುಡ್ಡೆಗೆ ಬರ್ತಾಳೆ, ಮೂಸ್ತಾಳೆ, ಹೋಗ್ತಾಳೆ. ಇರೋದು ಅವಳದೇ ವಾಸನೆ. ಕಾವಲಿನವರು ಅತ್ತ ಕಾಲಿಟ್ಟಿಲ್ಲ. ಆದರೆ ಉರುಳಿನವರು ಅಲ್ಲಿಗೆ ಹೋಗೋದು ಈ ಗುಡಿಸಲ ಮುಂದಿನ ದಾರೀಲೇ."

"ಗುಡಿಸಲು ಯಾವಾಗ ಕೀಳ್ತಾರೆ?"

"ನಾಳೆ ಬೆಳಿಗ್ಗೆ."

ಕೆಂಚಪ್ಪ ಕೆಸರಿನಿಂದ ಎದ್ದ. ಅಂದೆಲ್ಲ ಕಾಡುಮಾವಿನ ಎಲೆ ತಿಂದ. ಹೊಟ್ಟೆ ಬಿರಿಯುವಷ್ಟು ತಿಂದ. ಹಳ್ಳದ ಕಡೆ ತಿರುಗಿಯೂ ನೋಡಲಿಲ್ಲ.

ಬೆಳಗಾಯಿತು. ಕಾವಲಿನ ಹಿರಿಯ ಗಂಟುಮೂಟೆ ಹೊತ್ತು ಗುಡಿಸಲಿನಿಂದ ಹೊರಗೆ ಕಾಲಿಟ್ಟ. ಪಾದ ಮುಳುಗಿತು. ಹೊಸಿಲಿನ ಮುಂದೆಯೇ ಒಂದು ಬುಟ್ಟಿಯಷ್ಟು ಲದ್ದಿ.

ಜೊತೆಯ ಕಾವಲು ಹುಡುಗರು ಬಿದ್ದು ಬಿದ್ದು ನಕ್ಕರು. ಹಿರಿಯ ನಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಟ್ಟಿ ನೋಡಿದ.

"ಬಿಸಿ ಇದೆ" ಎಂದ. "ಗಂಟು ಬಿಚ್ಚಿರೋ. ನಾವು ಎಲ್ಲಿಗೂ ಹೋಗಲ್ಲ."

ಅಂಗಳದಿಂದ ದಿಣ್ಣೆಯಾಚೆಗೆ ಹೆಜ್ಜೆಗಳು ಸಾಲಾಗಿ ಹೋಗಿದ್ದವು. ಕೆಂಚಪ್ಪ ಬೇಕೆಂದೇ ಹಸಿ ಮಣ್ಣು ನೋಡಿ ನೋಡಿ ತುಳಿದಿದ್ದ. ಅದೇ ಜಾಡು ಹಿಡಿದು ಹೋದರೆ ಇನ್ನೊಂದು ಗುಡ್ಡೆ. ಅದರ ಮೇಲೆ ಅವಳದು, ಪಕ್ಕದಲ್ಲಿ ಅವನದು. ಅಂದಿನಿಂದ ದಿಣ್ಣೆಯ ಎರಡೂ ಕಡೆ ಕಾವಲು ಬಿತ್ತು. ಉರುಳಿನವರು ಬಂದ ದಾರಿಯಲ್ಲೇ ವಾಪಸು ಹೋದರು.

ಎರಡು ಮಳೆಗಾಲ ಕಳೆದವು. ಸತ್ತ ಹೆಂಡತಿ ಹೊರಳಾಡುತ್ತಿದ್ದ ಹೊಂಡದಲ್ಲಿ ಈಗ ಒಂದು ಮರಿ ಹೊರಳಾಡಿತು. ಎದ್ದು ಗುಡ್ಡೆಗೆ ಓಡಿತು. ಅಮ್ಮನನ್ನು ನೋಡಿ, ಅಪ್ಪನನ್ನು ನೋಡಿ, ನಿಂಬೆಹಣ್ಣಿನಷ್ಟು ಲದ್ದಿ ಹಾಕಿತು.

"ಇದು ನನಗೆ" ಎಂದಳು ಉಂಡೆಮ್ಮ. "ಯಾರೂ ಮುಟ್ಟಬೇಡಿ."

ಕೆಂಚಪ್ಪ ಬಗ್ಗಿ ಮೊದಲು ಮೂಸಿದ. ಆಮೇಲೆ ದಾರಿ ಬಿಟ್ಟ.

ನೀತಿ: ದುಃಖದಲ್ಲಿ ಗುರುತಳಿಸಿ ಕೂತವನನ್ನು ಉಳಿಸಲು ಬಂದವರೂ ಕಾಣರು, ‘ಇದ್ದೇನೆ’ ಎಂದು ತಿಳಿಸಿದರೆ ಒಂದು ಕುಲವೇ ಉಳಿದೀತು.