ಸಾಹೇಬರು ಕೈ ತೋರಿಸಿದ್ದು

ಪರಮಶಿವಯ್ಯ ಸಾಹೇಬರ ಜೀಪಿನ ಎಡಗಡೆ ಇಂಡಿಕೇಟರ್ ಕೆಟ್ಟು ಮೂರು ತಿಂಗಳಾಗಿತ್ತು. ಹೊಸ ಬಲ್ಬು ಬೇಕೆಂದು ಡ್ರೈವರ್ ಕೊಟ್ಟ ಅರ್ಜಿಯ ಮೇಲೆ ಸಾಹೇಬರೇ ಹಸಿರು ಶಾಯಿಯಲ್ಲಿ ‘ಅಗತ್ಯವಿಲ್ಲ’ ಎಂದು ಬರೆದಿದ್ದರು.

ಅವತ್ತು ಮಂತ್ರಿಗಳ ಸಭೆ. ಉಳಿದದ್ದು ಹತ್ತೇ ನಿಮಿಷ. ಜೀಪು ರಸ್ತೆಯ ಬಲಸಾಲಿನಲ್ಲಿತ್ತು, ಸಭೆಗೆ ತಿರುಗಬೇಕಾದದ್ದು ಎಡಕ್ಕೆ. ಎಡಸಾಲಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು.

“ನುಗ್ಗಿಸಯ್ಯ ಎಡಕ್ಕೆ. ಯಾರ ಗಾಡಿ ಅಂತ ಗೊತ್ತಾಗ್ಲಿ ಅವರಿಗೆ. ಲೇಟಾದ್ರೆ ನಾಳೆನೇ ನಿನಗೆ ಟ್ರಾನ್ಸ್‌ಫರ್.”

“ನುಗ್ಗೋ ಹಾಗಿಲ್ಲ ಸಾರ್,” ಎಂದ ಡ್ರೈವರ್. “ಮೊದಲು ಸೂಚನೆ ಕೊಡ್ಬೇಕು, ಹಿಂದಿನವರು ಜಾಗ ಬಿಟ್ಟ ಮೇಲೆ ಹೋಗ್ಬೇಕು. ನಮ್ಗೆ ಇಂಡಿಕೇಟರ್ ಇಲ್ಲ. ಲಾರಿಲಾದ್ರೆ ಎಡಗಡೆ ಕೂತ ಕ್ಲೀನರ್ ಕೈ ತೋರಿಸ್ತಾನೆ. ಇಲ್ಲಿ ಎಡಗಡೆ ಕೂತಿರೋರು ತಾವು.”

ಸಾಹೇಬರು ವಾಚು ನೋಡಿಕೊಂಡರು. ಕೋಟಿನ ತೋಳು ಮೆಲ್ಲಗೆ ಕಿಟಕಿಯಿಂದ ಹೊರಗೆ ಬಂತು.

“ಅಷ್ಟು ಸಾಲದು ಸಾರ್. ಕೈ ಪೂರ್ತಿ ಚಾಚಿ, ಮೇಲೆ ಕೆಳಗೆ ಆಡಿಸಿ. ಹಾಗೇ ಬಾಗಿಲು ಎರಡು ಸಲ ತಟ್ಟಿಬಿಡಿ.”

ಸಾಹೇಬರು ಆಡಿಸಿದರು, ತಟ್ಟಿದರು. ಹಿಂದಿನ ಲಾರಿ ನಿಧಾನಿಸಿತು. ಡ್ರೈವರ್ ಕನ್ನಡಿ ನೋಡಿಕೊಂಡು ಆರಾಮಾಗಿ ಎಡಸಾಲಿಗೆ ಬಂದ.

ಸಿಗ್ನಲ್‌ನಲ್ಲಿ ಅದೇ ಲಾರಿ ಪಕ್ಕಕ್ಕೆ ಬಂದು ನಿಂತಿತು. ಅದರ ಕ್ಲೀನರ್ ತಲೆ ಹೊರಗೆ ಹಾಕಿ, “ಹೊಸಬನಾ ಅಣ್ಣ? ಕೈ ಚೆನ್ನಾಗಿ ತೋರಿಸ್ತಾನೆ, ಬಿಡಬೇಡ ಇವನನ್ನ,” ಎಂದ.

“ಬಲ್ಬು ಬರೋವರೆಗೂ ಬಿಡಲ್ಲ,” ಎಂದ ಡ್ರೈವರ್.

ಬಲ್ಬು ಅವತ್ತು ಸಂಜೆಯೇ ಬಂತು.