ಹೆಸರು ಸೋತ ಗಂಡ, ಮೈಕು ಬಗ್ಗಿಸಿದ ಫಕೀರವ್ವ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ, ಒಂದು ಮೈಕು, ಒಬ್ಬಳು ಫಕೀರವ್ವ ಇದ್ದರು. ಮೂವರ ಮನೆಗಳೂ ಬೇರೆ ಬೇರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಗೊಂದಲವಿಲ್ಲ.

ಆ ಊರಿನ ಪದ್ಧತಿ ಏನೆಂದರೆ, ಹೆಸರು ಹಿಡಿದು ಕರೆಯದೆ ಯಾರೂ ಊಟ ಮಾಡುವಂತಿಲ್ಲ. ಕದ್ದು ಉಣ್ಣಬಹುದಲ್ಲ ಅಂತೀರಾ? ಆಗುವುದಿಲ್ಲ. ತುತ್ತು ಹಿಡಿದ ಕೈ ಬಾಯಿಯ ಹತ್ತಿರ ಬಂದು, "ಯಾರೂ ಕರೆದಿಲ್ಲ" ಎಂದು ತಟ್ಟೆಗೇ ಹೊರಳಿ ಹೋಗುತ್ತದೆ. ಕರೆದಾಗ "ಓ" ಅಂದವನದೇ ಹೆಸರು, ಇದೂ ಕಾನೂನು. ಇನ್ನು ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಒಡಪಿನಲ್ಲಿ ಸೇರಿಸಿ ಹೇಳಬೇಕು. ಒಡಪು ನಿಮಗೆ ಗೊತ್ತು, ಆದರೂ ಹೇಳುತ್ತೇನೆ: ಪ್ರಾಸ ಕಟ್ಟಿ ಕೊನೆಗೆ ಗಂಡನ ಹೆಸರು ಇಡುವ ಮಾತು. ಫಕೀರವ್ವ ಊಟದ ಹೊತ್ತಿಗೆಲ್ಲ ಹೊಸ ಒಡಪು ಕಟ್ಟುತ್ತಿದ್ದಳು. ಹಳೆಯದು ಹೇಳಿದರೆ ಗಂಡ ಕೂತಲ್ಲಿಂದ ಏಳುತ್ತಿರಲಿಲ್ಲ.

ರಾಜನ ಹೆಸರು ಚೋಟ. ಇಷ್ಟು ದೊಡ್ಡ ಕಿರೀಟಕ್ಕೆ ಇಷ್ಟು ಸಣ್ಣ ಹೆಸರೇ ಎಂದು ಅವನಿಗೆ ಕೊರಗು. ಅದಕ್ಕೆ ಚಾವಡಿಯ ಕಟ್ಟೆಯ ಮೇಲೆ ಮೈಕು ನಿಲ್ಲಿಸಿದ. ಶನಿವಾರ ಸಂಜೆ ಯಾರು ಬೇಕಾದರೂ ಹತ್ತಿ ಜನರನ್ನು ನಗಿಸಬಹುದು. ನಗಿಸಿದರೆ ಚಪ್ಪಾಳೆ. ನಗಿಸದಿದ್ದರೆ ಹೆಸರು ರಾಜನಿಗೆ. ಹೀಗೆ ಚೋಟ ಹೋಗಿ ಚೋಟನಿಂಗ ಆದ. ಚೋಟನಿಂಗಭರಮ ಆದ. ಚೋಟನಿಂಗಭರಮದುರ್ಗಕಲ್ಲ ಆದ. ಇನ್ನೂ ಉದ್ದವಾದ. ಅಡುಗೆಯವನು ರಾಜ ಬರೆದುಕೊಟ್ಟ ಚೀಟಿ ಹಿಡಿದು ಊಟಕ್ಕೆ ಕರೆಯಲು ಶುರುಮಾಡಿದರೆ ಹೆಸರು ಮುಗಿಯುವಷ್ಟರಲ್ಲಿ ಅನ್ನ ಹಳಸುತ್ತಿತ್ತು. ರಾಜ ಒಣಗಿದ, ಹೆಸರು ಮೈತುಂಬಿಕೊಂಡಿತು.

ಒಂದು ಶನಿವಾರ ಫಕೀರವ್ವನ ಗಂಡ ಕಟ್ಟೆ ಹತ್ತಿದ. ತನ್ನ ಎಮ್ಮೆಯ ಕತೆ ಎತ್ತಿದ. ನಗುವ ಜಾಗ ಬರುವ ಮೊದಲೇ ತಾನೇ ಬಿದ್ದು ಬಿದ್ದು ನಕ್ಕ. ಇದ್ದ ನಗೆಯೆಲ್ಲ ಅವನಲ್ಲೇ ಖರ್ಚಾಯಿತು, ಜನರಿಗೆ ಉಳಿಯಲಿಲ್ಲ. ಹೆಸರು ಹೋಗಿ ರಾಜನ ಹೆಸರಿನ ಬಾಲಕ್ಕೆ ಅಂಟಿತು. ಎಂಥ ಹೆಸರು ಅಂತ ಕೇಳಬೇಡಿ. ರಾಜನೊಬ್ಬನನ್ನು ಬಿಟ್ಟು ಎಲ್ಲರ ನೆನಪಿನಿಂದಲೂ ಅದು ಹೋಯಿತು, ನನ್ನದರಿಂದಲೂ.

ಫಕೀರವ್ವ ರೊಟ್ಟಿ ಬಡಿದಳು. ಒಡಪು ಎತ್ತಿದಳು. ಹೆಸರಿಡುವ ಜಾಗದಲ್ಲಿ ತೂತು.

"ಲಗೂನ ಕರಿಯೇ, ಹಸಿವಿ ಆಗೈತಿ," ಎಂದ ಗಂಡ.

"ಏನಂತ ಕರೀಲ್ರಿ?"

"ನನಗರ ಏನ್ ಗೊತ್ತು?"

ಹೆಸರಿಲ್ಲದವರೆಲ್ಲ ಉಪವಾಸ ಬಿದ್ದು ಹಗುರಾಗಿ, ಗಾಳಿಗೆ ಹಾರದಂತೆ ಕಿಸೆಯಲ್ಲಿ ಕಲ್ಲು ಹಾಕಿಕೊಂಡು ತಿರುಗುತ್ತಿದ್ದರು. ಗಂಡನೂ ಕಲ್ಲು ಆರಿಸತೊಡಗಿದ. ಅದನ್ನು ನೋಡಿ ಫಕೀರವ್ವ ಎದ್ದಳು.

"ಈ ಶನಿವಾರ ನಾ ಹತ್ತತೀನಿ."

"ನೀ ಸೋತರ? ನಿನ್ನ ಹೆಸರೂ ಹೋಗತೈತಿ. ಇಬ್ಬರೂ ಹಾರತೀವಿ."

"ದಿನಾ ಹೊಸಾದು ಹೇಳಿ ನಿಮ್ಮಂಥವರನ್ನ ಎಬ್ಬಿಸಿದಾಕಿ ನಾನು. ಊರು ಯಾವ ಲೆಕ್ಕ?"

ಶನಿವಾರ ಕಟ್ಟೆ ಹತ್ತಿದಳು. ಬೇರೆ ಊರಿನಲ್ಲಿ ಮನುಷ್ಯರು ಮೈಕನ್ನು ಪರೀಕ್ಷಿಸುತ್ತಾರೆ. ಅಲ್ಲಿ ಮೈಕು ಮನುಷ್ಯರನ್ನು ಪರೀಕ್ಷಿಸುತ್ತಿತ್ತು.

"ಹಲೋ, ಹೆಂಗಸು ಟೆಸ್ಟಿಂಗ್, ಹೆಂಗಸು ಟೆಸ್ಟಿಂಗ್," ಎಂದಿತು ಮೈಕು. "ಹೆದರಿಕಿ ಆಗೈತೇನು?"

"ಕಾದ ಹಂಚಿನ ಮುಂದ ಕೂತಾಕಿ, ನಿನ್ನ ಮುಂದ ಎಂಥಾ ಹೆದರಿಕಿ? ಕುತ್ತಿಗಿ ಬಗ್ಗಿಸು."

ಮೈಕು ಬಗ್ಗಿತು. ಅದು ರಾಜನಿಗೂ ಬಗ್ಗಿದ್ದಿಲ್ಲ.

ಫಕೀರವ್ವ ಸೆರಗು ಸಿಕ್ಕಿಸಿದಳು:

"ಬಿಸಿ ರೊಟ್ಟಿ ಮ್ಯಾಲ ಘಮಘಮ ತುಪ್ಪ,
ಎಮ್ಮಿ ನಗಲಿಲ್ಲ, ತಾನೇ ನಕ್ಕ ಬೆಪ್ಪ,
ಉಣ್ಣಾಕ ಬರ್ರಿ, ನಮ್ಮ ಮನೀ..."

ನಿಲ್ಲಿಸಿಬಿಟ್ಟಳು. ಬೇಕೆಂದೇ ನಿಲ್ಲಿಸಿದಳು. ಯಾಕೆಂದರೆ ಒಡಪು ಅರ್ಧಕ್ಕೆ ನಿಂತರೆ ಆ ಊರಿನವರಿಗೆ ಅಂಗಾಲು ತುರಿಸುತ್ತದೆ. ಮುಗಿಯುವ ತನಕ ತುರಿಸುತ್ತಲೇ ಇರುತ್ತದೆ.

"ಮುಂದ ಹೇಳಬೇ ಎವ್ವಾ!"

"ನೀವೇ ಹೇಳ್ರಿ."

"ದಪ್ಪ!"

"ಹಪ್ಪಳ!"

"ಲೇ, ಪ್ರಾಸ ಎಲ್ಲೈತಿ?"

"ಕರಿದ ಹಪ್ಪಳಕ್ಕ ಪ್ರಾಸ ಯಾಕಪಾ?"

ಜನ ಒಂದು ಕೈಯಲ್ಲಿ ಅಂಗಾಲು ತುರಿಸಿಕೊಂಡು, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ನಕ್ಕರು. ಕಿಸೆಯ ಕಲ್ಲುಗಳು ನಕ್ಕವು. ಮೈಕು ಕುಂಯ್ ಎಂದು ನಕ್ಕಿತು.

ಅಲ್ಲಿಗೆ ಫಕೀರವ್ವನ ಹೆಸರು ಉಳಿಯಿತು. ಆದರೆ ಅವಳು ಬಂದದ್ದು ಅದಕ್ಕಲ್ಲ. ಅವಳ ಕಣ್ಣು ರಾಜನ ಮೇಲಿತ್ತು. ರಾಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಎಡ ಅಂಗಾಲು ತುರಿಸಿತು, ಒಂದು ಕೈ ಅಲ್ಲಿಗೆ ಹೋಯಿತು. ಬಲ ಅಂಗಾಲು ತುರಿಸಿತು, ಇನ್ನೊಂದು ಕೈಯೂ ಹೋಯಿತು. ಬಾಯಿಗೆ ಕಾವಲು ತಪ್ಪಿತು.

"ಬಾಳಪ್ಪ!" ಎಂದು ಕಿರುಚಿದ ರಾಜ.

"ಓ!" ಎಂದ ಗುಂಪಿನ ಹಿಂದಿದ್ದ ಗಂಡ. ಎಂದವನೇ ಮನೆಯ ಕಡೆ ಓಡಿದ. ಕಲ್ಲುಗಳು ದಾರಿಯುದ್ದಕ್ಕೂ ಬಿದ್ದವು.

"ಉಳಿದವರನ್ನೂ ಕರೀರಿ ದೊರಿ," ಎಂದಳು ಫಕೀರವ್ವ. "ಎಲ್ಲಾರ ಮನ್ಯಾಗೂ ರೊಟ್ಟಿ ಆರಾಕತ್ತಾವು. ನಿಮ್ಮ ಅನ್ನಾನೂ."

ಬಾಲ ಉದುರಿದ್ದರಿಂದ ರಾಜನಿಗೆ ಹೆಗಲು ಹಗುರೆನಿಸಿತ್ತು. ಹೊಟ್ಟೆ ಗುರ್ ಎಂದಿತು. ಬಾಲದ ಕಡೆಯಿಂದ ಒಂದೊಂದೇ ಹೆಸರು ಕರೆಯುತ್ತ ಬಂದು, "ಕಲ್ಲ!" ಎಂದ. "ಓ!" "ದುರ್ಗ!" "ಓ!" "ಭರಮ!" "ಓ!" "ನಿಂಗ!" "ಓ!" ಕೊನೆಗೆ ಉಳಿದದ್ದು ಹಳೆಯ ತುಂಡು ಹೆಸರು. ಅಡುಗೆಯವನು ಅರಮನೆಯ ಕಿಟಕಿಯಿಂದ, "ಚೋಟಾ, ಊಟಕ್ಕ ಬಾ!" ಎಂದ. ಅನ್ನ ಇನ್ನೂ ಹೊಗೆಯಾಡುತ್ತಿತ್ತು. "ಓ!" ಎಂದ ರಾಜ ಕಿರೀಟ ಹಿಡಿದುಕೊಂಡು ಓಡಿದ.

ಫಕೀರವ್ವ ಮನೆಗೆ ಬಂದಾಗ ಬಾಳಪ್ಪ ಕೊನೆಯ ರೊಟ್ಟಿಯಲ್ಲಿದ್ದ.

"ಆ ಎಮ್ಮೀ ಕತಿ ಬರೋ ಶನಿವಾರ ಮತ್ತ ಹೇಳ್ಲೇನು?"

"ಉಣ್ರಿ ಸುಮ್ನ."

ಈ ಕತೆಯ ನೀತಿ: ಎಮ್ಮೆ ನಗುವವರೆಗೆ ನೀವು ನಗಬೇಡಿ. ಮೈಕು ಇನ್ನೂ ಬಗ್ಗಿಕೊಂಡೇ ಇದೆ, ಬೇಕಾದರೆ ಹತ್ತಿ. ಆದರೆ ಈಗ ಅನ್ನ ಆರುತ್ತಿದೆ, ನಿಮ್ಮ ಹೆಸರು ಹಿಡಿದು ಯಾರೋ ಒಳಗಿನಿಂದ ಕರೆಯುತ್ತಿದ್ದಾರೆ. ಓ ಅನ್ನಿ, ಏಳಿ.