ಎರವಲು ಹೋದ ಕುದುರೆಮರಿ

ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಹೊಳೆಯ ಈ ದಂಡೆಯಲ್ಲಿ ಯಾರೂ ಇಲ್ಲ. ಆ ದಂಡೆಯಲ್ಲಿ ಒಬ್ಬರಿದ್ದರು. ನಾನು ಹೇಳಿದ್ದನ್ನು ಕೇಳಿದ ಮೇಲೆ ಅವರೂ ಹೇಳುವುದನ್ನು ಬಿಟ್ಟರು.

ಹೊಳೆದಂಡೆಯಲ್ಲೊಂದು ಚಿಕ್ಕ ಆಶ್ರಮ. ಅಲ್ಲಿ ಅಡವಯ್ಯ ಎಂಬ ಗುರುಗಳು. ಅವರಿಗೆ ಒಬ್ಬನೇ ಶಿಷ್ಯ, ಹಾಲಪ್ಪ. ಹಾಲಪ್ಪನಿಗೆ ಒಂದೇ ಕುದುರೆಮರಿ, ಚಿಗರಿ.

ಆಶ್ರಮದ ಹಳೇ ಕುದುರೆ ಈ ಮರಿಯನ್ನು ಈದು ಸತ್ತುಹೋಗಿತ್ತು. ಹಾಲಪ್ಪ ಮರಿಗೆ ಆಡಿನ ಹಾಲು ಕುಡಿಸಿ, ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು ಸಾಕಿದ. ಆಳನ್ನು ಹೊರುವಷ್ಟು ಬೆಳೆದ ಮೇಲೂ ಅವನಿಗೆ ಅದು ಮರಿಯೇ.

ಎಂಥಾ ಮರಿ ಅಂತೀರಿ. ಓಡಲು ಶುರು ಮಾಡಿದರೆ ಅದರ ನೆರಳು ಹಿಂದುಳಿದು, ದಾರಿ ಕೇಳಿಕೊಂಡು ಬರಬೇಕಾಗುತ್ತಿತ್ತು. ತಟ್ಟು ಜಾತಿ, ಎತ್ತರ ಕತ್ತೆಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಹೊಟ್ಟೆ ಮಾತ್ರ ಆನೆಯದು. ಕೊಟ್ಟಿಗೆಯ ಹುಲ್ಲು ಮುಗಿಸಿ, ಕೊಟ್ಟಿಗೆಯ ಚಾವಣಿ ಮುಗಿಸಿ, ಗುರುಗಳ ಚಾಪೆಯಲ್ಲಿ ಅರ್ಧ ಮುಗಿಸಿತ್ತು. ಉಳಿದರ್ಧದ ಮೇಲೆ ಗುರುಗಳು ಕೂತಿದ್ದರು. ಅದಕ್ಕೇ ಅದು ಉಳಿದಿತ್ತು.

ಒಂದು ಬೆಳಿಗ್ಗೆ ಪಕ್ಕದ ಊರಿನ ದುರುಗವ್ವ ಬಂದಳು. ಸೂಲಗಿತ್ತಿ. ಹೊಳೆಯಾಚೆಯ ಗುಡ್ಡದ ಹಟ್ಟಿಗಳಲ್ಲಿ ಹುಟ್ಟಿದವರೆಲ್ಲ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳ ಮುಖವನ್ನೇ. ಈಗ ಅವಳ ಮಂಡಿಗಳು ಗುಡ್ಡ ಹತ್ತಲು ಒಪ್ಪುತ್ತಿರಲಿಲ್ಲ.

"ತಮ್ಮಾ, ಈ ಮರಿ ನನಗೆ ಬೇಕಾಗೈತೆ. ಎರವಲು ಕೊಡ್ತೀಯೋ, ಮಾರ್ತೀಯೋ? ಎರಡರಾಗೆ ಯಾವುದಾದರೂ ಸರಿ. ಯಾವುದು ಅಂತ ಹೇಳಿಬಿಡು."

ಹಾಲಪ್ಪ ಗುರುಗಳ ಹತ್ತಿರ ಓಡಿದ.

"ಗುರುಗಳೇ, ಏನು ಮಾಡಲಿ?"

"ಸಾಕಿದವನು ನೀನು. ತೀರ್ಮಾನ ನಿನ್ನದು."

"ಮಾರಿದರೆ ಚಿಗರಿ ನನ್ನದಲ್ಲ ಅಂತಾಗುತ್ತೆ. ಎರವಲು ಕೊಟ್ಟರೆ ದುರುಗವ್ವನ ಕೆಲಸವೂ ಆಗುತ್ತೆ, ಚಿಗರಿ ನನ್ನದಾಗಿಯೂ ಇರುತ್ತೆ."

"ಎರಡೂ ಆಗುತ್ತಾ?" ಎಂದರು ಗುರುಗಳು. ಅವರಿಗೆ ನಿಜಕ್ಕೂ ಕುತೂಹಲವಾಗಿತ್ತು. "ಹಾಗಾದರೆ ಕೊಟ್ಟು ನೋಡು. ನಾನೂ ನೋಡ್ತೀನಿ."

ಹಾಲಪ್ಪ ಮರಿಯನ್ನು ಎರವಲು ಕೊಟ್ಟ. ಜೊತೆಗೆ ಒಂದಿಷ್ಟು ಬುದ್ಧಿಮಾತನ್ನೂ ಕೊಟ್ಟ. ಇಬ್ಬನಿ ಹುಲ್ಲು ಹಾಕಬಾರದು, ಕಲ್ಲುದಾರಿ ಹಿಡಿಸಬಾರದು, ಗದರಬಾರದು, ಕಿವಿಯ ಹಿಂದೆ ಕೆರೆಯುವುದನ್ನು ಮರೆಯಬಾರದು.

"ನನ್ನ ಮಗಳನ್ನ ಕೊಡುವಾಗ ನಾನೂ ಇಷ್ಟು ಹೇಳಲಿಲ್ಲ" ಎಂದು ದುರುಗವ್ವ ಮರಿಯನ್ನು ಹೊಡೆದುಕೊಂಡು ಹೋದಳು.

ಅಂದಿನಿಂದ ಹಾಲಪ್ಪ ಪ್ರತಿ ಸಂಜೆ ಹೊಳೆದಂಡೆಗೆ ಹೋಗಿ ನಿಲ್ಲತೊಡಗಿದ.

ಸ್ವಲ್ಪ ದಿನ ಕಳೆದು, ಒಂದು ಸಂಜೆ ಚಿಗರಿ ಒಂಟಿಯಾಗಿ ಆಶ್ರಮಕ್ಕೆ ವಾಪಸು ಬಂತು. ಹೊಟ್ಟೆಯವರೆಗೂ ಒದ್ದೆ, ಮೈಯೆಲ್ಲ ನಡುಕ.

ದುರುಗವ್ವ ಬಂದದ್ದು ಮರುದಿನ.

"ಹೊಳೆ ನಟ್ಟನಡುವೆ ನನ್ನ ಕೆಡವಿ ಬಂತಪ್ಪ ನಿನ್ನ ಮರಿ. ಹಟ್ಟಿಗೆ ಕುಂಟಿಕೊಂಡು ಹೋಗೋದರೊಳಗೆ ಕೂಸು ಹುಟ್ಟಿಬಿಟ್ಟಿತ್ತು. ಉಸಿರಿರಲಿಲ್ಲ. ಬೆನ್ನು ತಟ್ಟಿ ತಟ್ಟಿ ನನ್ನ ಕೈ ಸೋತ ಮೇಲೆ ಅತ್ತಿತು. ಅದರ ಪುಣ್ಯ, ಉಳೀತು." ಅವಳು ಗುರುಗಳ ಕಡೆ ತಿರುಗಿದಳು. "ಅಜ್ಜಾರೇ, ಕಲ್ಲಹಟ್ಟಿಯ ಸೊಸೆಗೆ ಇವತ್ತೋ ನಾಳೆಯೋ ಅನ್ನೋ ಹಾಗೈತೆ. ಹಿಂದಿನ ಎರಡು ಕೂಸು ಆಕೆಗೆ ದಕ್ಕಿಲ್ಲ. ಈ ಸಲ ನಾನು ತಡವಾಗಿ ಹೋಗಂಗಿಲ್ಲ."

ಗುರುಗಳು ಶಿಷ್ಯನನ್ನು ನೋಡಿದರು.

"ನೀನು ಮರಿಯನ್ನ ಕರೆದೆಯಾ?"

"ಕರೆಯಲಿಲ್ಲ ಗುರುಗಳೇ. ಹೆಸರು ಹೇಳಿದೆ ಅಷ್ಟೆ."

"ಮೆಲ್ಲಗೆ?"

"ಸ್ವಲ್ಪ ಜೋರಾಗಿ." ಹಾಲಪ್ಪ ತಲೆ ತಗ್ಗಿಸಿದ. "ಅದಕ್ಕೆ ನನ್ನ ಮೇಲೆ ಅಷ್ಟು ಪ್ರೀತಿ. ನಾನೇನು ಮಾಡಲಿ?"

ಗುರುಗಳು ದುರುಗವ್ವನಿಗೆ ಹೇಳಿದರು, "ಅವ್ವಾ, ಮರಿ ಇಲ್ಲೇ ಇರಲಿ. ಅದರ ಬದಲು ಇವನನ್ನು ಎರವಲು ಹೊಡೆದುಕೊಂಡು ಹೋಗು."

ದುರುಗವ್ವ ಹಾಲಪ್ಪನ ಸುತ್ತ ಒಂದು ಸುತ್ತು ಬಂದಳು. ಹೆಗಲು ಒತ್ತಿ ನೋಡಿದಳು. ಮೀನಖಂಡ ಮುಟ್ಟಿ ನೋಡಿದಳು.

"ಮೇವು ಕಡಿಮೆನಾ?"

"ಹಾಗಂತ ಹೇಳಿ ನಿನಗೆ ಮೋಸ ಮಾಡಲಾರೆ" ಎಂದರು ಗುರುಗಳು.

ಹಾಲಪ್ಪ ಅವಳ ಹಿಂದೆ ಹೊರಟ. ಎರವಲು ಮರಿಗೆ ಇದ್ದ ಜಾಗದಲ್ಲೇ ಅವನಿಗೂ ಜಾಗ ಸಿಕ್ಕಿತು. ಹುಲ್ಲು ಮೆತ್ತಗಿತ್ತು ಎಂದು ಅವನೇ ಆಮೇಲೆ ಹೇಳಿದ.

ಅಂದು ಸಂಜೆ ಆಶ್ರಮದ ಕಡೆಯಿಂದ ಕೂಗು ಬಂತು.

"ಹಾಲಪ್ಪಾ, ಅಂಬಲಿ ಆರ್ತಾ ಇದೆ."

ಅಡವಯ್ಯನವರದು ಎದುರಿಗೆ ಕೂತವರಿಗೂ ಕೇಳಿಸದ ದನಿ. ಆದರೆ ಆ ಕೂಗಿಗೆ ಹೊಳೆಯ ಮೊಸಳೆಗಳು ತಲೆಯೆತ್ತಿ, ನಮ್ಮಲ್ಲಿ ಹಾಲಪ್ಪ ಯಾರು ಎಂದು ಒಂದನ್ನೊಂದು ನೋಡಿಕೊಂಡವು. ನಂಬದವರು ಮೊಸಳೆಗಳನ್ನೇ ಕೇಳಬಹುದು.

ಹಾಲಪ್ಪ ಬಿದ್ದಂಬೀಳ ಓಡಿ ಬಂದ. ಒಲೆ ತಣ್ಣಗಿತ್ತು. ಅಂಬಲಿ ಇರಲಿಲ್ಲ.

"ಕರೆದಿರಲ್ಲ ಗುರುಗಳೇ?"

"ಕರೆದೆ."

"ಯಾಕೆ?"

"ನೆನಪಾದೆ."

"ಈಗ?"

"ಈಗ ನೋಡಿದೆನಲ್ಲ. ಹೋಗು."

ಹಾಲಪ್ಪನಿಗೆ ಏನೂ ಅರ್ಥವಾಗಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ, ಬರುವಾಗ ಹಾರಿದ್ದ ಬೇಲಿಗೇ ಹೋಗುವಾಗ ಡಿಕ್ಕಿ ಹೊಡೆದ.

ಮರುದಿನ ಮಧ್ಯಾಹ್ನ ಕಲ್ಲಹಟ್ಟಿಯಿಂದ ಕರೆ ಬಂತು. ಸೊಸೆಗೆ ನೋವು ಶುರುವಾಗಿದೆ.

ಹಾಲಪ್ಪ ದುರುಗವ್ವನನ್ನು ಬೆನ್ನ ಮೇಲೆ ಹೊತ್ತು ಹೊಳೆಗಿಳಿದ. ಅವಳ ತೂಕ ಒಂದು ಚೀಲ ರಾಗಿ. ಹೊತ್ತವನನ್ನು ಕೇಳಿದರೆ ಎರಡು. ಆಚೆ ದಂಡೆಯಲ್ಲಿ ಆ ಸೊಸೆಯ ಗಂಡ ನಿಂತು ಎರಡೂ ಕೈಯೆತ್ತಿ ಬೀಸುತ್ತಿದ್ದ.

ನಡುನೀರಿಗೆ ಬರುವಷ್ಟರಲ್ಲಿ ಹಿಂದಿನಿಂದ ಕೂಗು.

"ಹಾಲಪ್ಪಾ, ಹುಗ್ಗಿ ಮಾಡಿದೀನಿ. ಬೆಲ್ಲ ಹಾಕಿದೀನಿ."

ಹಾಲಪ್ಪನ ಕಾಲುಗಳು ನಿಂತವು. ಅವನು ನಿಲ್ಲಿಸಿರಲಿಲ್ಲ. ತಾವಾಗಿಯೇ ನಿಂತವು. ಅವನು ಬಗ್ಗಿ ನೀರಿನೊಳಗಿನ ತನ್ನ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಅವ್ವಾ, ಗುರುಗಳು ಕರೀತಿದಾರೆ."

"ಕೇಳಿಸ್ತು."

"ಒಂದೇ ಒಂದು ಸಲ ಹೋಗಿ ನೋಡಿ ಬರಲಾ?"

"ನನ್ನ ಏನು ಮಾಡ್ತೀ?" ಎಂದಳು ದುರುಗವ್ವ ಬೆನ್ನ ಮೇಲಿಂದ. "ಇಲ್ಲೇ ಇಳಿಸ್ತೀಯಾ? ಮರಿ ನನ್ನ ಇಳಿಸಿದ್ದೂ ಇಲ್ಲೇ. ನೀರು ಭಾಳ ತಣ್ಣಗೈತಪ್ಪ ಇಲ್ಲಿ."

ಕೂಗು ಮತ್ತೆ ಬಂತು. ಮೊದಲಿಗಿಂತ ಅಕ್ಕರೆಯ ಕೂಗು. ಬಲಗಾಲು ಹಟ್ಟಿಯ ಕಡೆ ಎದ್ದಿತು. ಎಡಗಾಲು ಆಶ್ರಮದ ಕಡೆ ತಿರುಗಿತು. ನಡುವೆ ದುರುಗವ್ವ ತೊನೆದಾಡಿದಳು. ಆಚೆ ದಂಡೆಯವನು ಕೈ ಬೀಸುವುದನ್ನು ಬಿಟ್ಟು, ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟ.

ಮೂರನೆಯ ಕೂಗು ಬಂತು.

ಹಾಲಪ್ಪ ಹುಟ್ಟಿದಂದಿನಿಂದ ಗುರುಗಳೆದುರು ದನಿಯೆತ್ತಿದವನಲ್ಲ. ಈಗ ಕತ್ತು ಹೊರಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂಗಿದ.

"ಕರೀಬೇಡಿ ಗುರುಗಳೇ. ನೀವು ಕರೆದರೆ ನನಗೆ ನಡೆಯೋಕಾಗಲ್ಲ."

ಆ ಕಡೆ ಸದ್ದು ನಿಂತಿತು. ಕಾಲುಗಳು ಎದ್ದವು.

ಹಾಲಪ್ಪ ಮರಳಿ ಬಂದಾಗ ಬೆಳಗಾಗಿತ್ತು. ಗುರುಗಳು ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಪಾತ್ರೆ ಖಾಲಿ.

"ಹುಗ್ಗಿ ಚಿಗರಿ ತಿಂತು" ಎಂದರು.

"ಗುರುಗಳೇ, ನಿಮ್ಮ ಮೇಲೆ ಕೂಗಿಬಿಟ್ಟೆ. ತಪ್ಪಾಯ್ತು."

"ಕೂಸು?"

"ಹೆಣ್ಣು. ನಾನು ಗುಡ್ಡ ಇಳಿದ ಮೇಲೂ ಅದರ ಅಳು ಕೇಳಿಸ್ತಿತ್ತು."

"ಹಾಗಾದರೆ ನೀನು ಕೂಗಿದ್ದರಲ್ಲಿ ತಪ್ಪೇನಿಲ್ಲ."

ಹಾಲಪ್ಪ ಅವರೆದುರು ಕೂತ.

"ನನ್ನನ್ನ ಯಾಕೆ ಕರೆದಿರಿ?"

"ನೀನು ಚಿಗರಿಯನ್ನ ಯಾಕೆ ಕರೆದೆ?"

"ಚೆನ್ನಾಗಿದೆಯೋ ಇಲ್ಲವೋ ತಿಳಿಯಲಿ ಅಂತ."

"ತಿಳಿಯಿತಾ?"

"ಕರೆಯುವಾಗ ಚೆನ್ನಾಗೇ ಇತ್ತು. ಬಂದಾಗ ನಡುಗ್ತಿತ್ತು."

ಚಿಗರಿ ಪಾತ್ರೆಯ ತಳ ನೆಕ್ಕಲು ಮತ್ತೊಮ್ಮೆ ಬಂತು. ಹಾಲಪ್ಪ ಅದರ ಕತ್ತಿನ ಮೇಲೆ ಕೈಯಿಟ್ಟ.

"ಮಾರಿದರೆ ಮತ್ತೆ ಕರೆಯುವ ಹಾಗಿಲ್ಲ."

"ಇಲ್ಲ."

"ಆಮೇಲೆ ಅದು ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗೋದು?"

"ಗೊತ್ತಾಗಲ್ಲ" ಎಂದರು ಗುರುಗಳು.

ಹಾಲಪ್ಪ ಬಿಸಿಲು ಏರುವವರೆಗೂ ಹಾಗೆಯೇ ಕೂತಿದ್ದ. ಆಮೇಲೆ ಎದ್ದು ಹೋಗಿ ದುರುಗವ್ವನಿಗೆ ಹೇಳಿದ, "ಮಾರ್ತೀನಿ ಅವ್ವಾ."

ಸಂಜೆ ದುರುಗವ್ವ ಹೊಸ ಹಗ್ಗ ಹಿಡಿದು ಬಂದಳು. ಮಾರಿದವನ ಹಗ್ಗ ಮಾರಿದವನ ಹತ್ತಿರವೇ ಉಳಿಯಬೇಕು, ಕೊಂಡವರು ತಮ್ಮದನ್ನು ತರಬೇಕು, ಅದು ಆ ಕಡೆಯ ಪದ್ಧತಿ. ಹಾಲಪ್ಪ ತಾನು ಹೊಸೆದಿದ್ದ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ದುರುಗವ್ವ ತನ್ನದನ್ನು ಕಟ್ಟಿದಳು. ಚಿಗರಿ ಹೊಸ ಹಗ್ಗದ ರುಚಿ ನೋಡಿತು.

ದುರುಗವ್ವ ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು ಕೈ ಮುಂದೆ ಮಾಡಿದಳು.

ಹಾಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವನ ಮುಖದಲ್ಲಿ ದೊಡ್ಡದೇನನ್ನೋ ಮಾಡುತ್ತಿರುವವನ ಕಳೆ.

"ಬೇಡ ಅವ್ವಾ. ಮಾರ್ತೀನಿ ಅಂದಿದ್ದೆ, ಮನಸ್ಸು ಬರ್ತಿಲ್ಲ. ಇದಕ್ಕೆ ಬೆಲೆ ಕಟ್ಟೋಕಾಗುತ್ತಾ? ಸುಮ್ಮನೆ ತಗೊಂಡು ಹೋಗಿ. ನನಗೇನೂ ಬೇಡ. ಯಾವಾಗಲಾದರೂ ಈ ದಾರಿಯಲ್ಲಿ ಬಂದಾಗ ಒಂದು ಗಳಿಗೆ ಇಲ್ಲಿ ನಿಲ್ಲಿಸಿದರೆ ಸಾಕು."

ದುರುಗವ್ವನ ಕೈ ಹಾಗೇ ಉಳಿಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅಜ್ಜಾರೇ, ಇದು ಎರವಲೋ, ಮಾರಾಟವೋ? ನನಗೆ ತಿಳೀಲಿಲ್ಲ."

ಗುರುಗಳು ಎದ್ದು ಬಂದರು. ಶಿಷ್ಯನ ಬಲಗೈಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದು, ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸಿದರು.

"ತಗೋ ಹಾಲಪ್ಪ. ಪುಕ್ಕಟೆ ಕೊಟ್ಟರೆ ಸಾಯೋತನಕ ವಸೂಲಿಗೆ ಹೋಗ್ತಾ ಇರ್ತೀಯ."